ಮೊದಲ ಮಸೂರ ಯಾವುದಿರಬೇಕು? ಒಂದು ಜನಪ್ರಿಯ ಸಲಹೆಯ ಪರಿಶೀಲನೆ

ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಈಗ ಹೊಸ ವಸ್ತುವಲ್ಲ. ಕ್ಯಾನನ್ ಸಂಸ್ಥೆಯ ಇಒಎಸ್ 300ಡಿ 2003ರಲ್ಲಿ, ನಿಕಾನ್ ಸಂಸ್ಥೆಯ ಡಿ40 2006ರಲ್ಲಿ ಬಂದ ಮೇಲೆ ಈ ಬಗೆಯ ಕ್ಯಾಮೆರಾ ಸಾಮಾನ್ಯರ ಕೈಗೂ ಎಟುಕತೊಡಗಿತು. ಇಂದು ಈ ಎರಡೂ ಸಂಸ್ಥೆಗಳು ತಮ್ಮ ಗಮನವನ್ನು ಕನ್ನಡಿರಹಿತ ಕ್ಯಾಮೆರಾಗಳತ್ತ ತಿರುಗಿಸಿವೆ. ಶ್ರೀಮಂತ ಹವ್ಯಾಸಿಗಳು ಹೊಸದರ ಬೆನ್ನು ಹತ್ತಿದಂತೆ ಅವರ ಹಳೆಯ ಕ್ಯಾಮೆರಾಗಳು ಕಡಿಮೆ ಬೆಲೆಗೆ ಮಾರಾಟಕ್ಕೆ ಬರುತ್ತಿವೆ. ಶಾಲೆಯ ವಿಜ್ಞಾನ ಸಂಘಕ್ಕೆ, ಕಾಲೇಜು ವಿದ್ಯಾರ್ಥಿಗೆ, ಹವ್ಯಾಸಿ ಶಿಕ್ಷಕರಿಗೆ ಇದು ಒಳ್ಳೆಯ ಕಾಲ.

ಆದರೆ ಕ್ಯಾಮೆರಾದ ಒಡಲಷ್ಟೇ ಸಾಲದು, ಅದಕ್ಕೊಂದು ಮಸೂರ ಬೇಕು. ಯಾವುದನ್ನು ಕೊಳ್ಳಬೇಕು? ವಿಜಯಪುರದಲ್ಲಿ ನನ್ನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಉತ್ತರದ ಸಮೇತವೇ ತರುತ್ತಾರೆ: "ಸರ್, ಎಲ್ಲಾರೂ ಫಿಫ್ಟಿ ತಗೋ ಅಂತಾರ್ರೀ, ತಗೊಳ್ಳಲೇನ್ರೀ?" ಫಿಫ್ಟಿ ಎಂದರೆ 50 ಮಿ.ಮೀ. ಸಂಗಮದೂರದ, ಎಫ್/1.8 ರಂಧ್ರದ ಮಸೂರ. ಕ್ಯಾಮೆರಾದ ಜೊತೆಗೇ ಬರುವ 18-55 ಮಿ.ಮೀ. ಜೂಮ್ ಮಸೂರ, ಅಂದರೆ ಕಿಟ್ ಲೆನ್ಸ್, ಬರೀ ಆಟಿಕೆ. ಅದನ್ನು ಬಿಟ್ಟು ಮೊದಲು 50 ಮಿ.ಮೀ. ಕೊಳ್ಳಿರಿ ಎಂಬುದು ಪ್ರಚಲಿತ ಸಲಹೆ. ಇದು ಪೂರ್ಣ ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಒಮ್ಮೆ ಹಣ ಹಾಕಿದರೆ ಮತ್ತೆ ಮೂರು ನಾಲ್ಕು ವರ್ಷ ಹಾಕಲಾಗದ ಶಾಲೆಗೆ ಇಂಥ ಅರ್ಧಸತ್ಯ ದುಬಾರಿಯಾಗಬಹುದು. ಪ್ರೌಢಶಾಲೆಯ ಬೆಳಕಿನ ಪಾಠವೇ ಸಾಕು, ಈ ಸಲಹೆಯನ್ನು ಅಳೆದು ನೋಡಬಹುದು.

ಐವತ್ತರ ಮಹಿಮೆ ಎಲ್ಲಿಂದ ಬಂತು?

ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು 50 ಮಿ.ಮೀ. ಮಸೂರ. ಫಿಲ್ಮಿನ ಚೌಕಟ್ಟು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಪೈಥಾಗೊರಸ್ ಪ್ರಮೇಯದಂತೆ ಇದರ ಕರ್ಣ ಸುಮಾರು 43 ಮಿ.ಮೀ. ಚೌಕಟ್ಟಿನ ಕರ್ಣಕ್ಕೆ ಸಮೀಪದ ಸಂಗಮದೂರವಿರುವ ಮಸೂರವನ್ನು 'ಸಾಮಾನ್ಯ ಮಸೂರ' ಎನ್ನುವ ರೂಢಿಯಿದೆ. ಅದು ಅತಿ ವಿಶಾಲವೂ ಅಲ್ಲ, ಅತಿ ಸಂಕುಚಿತವೂ ಅಲ್ಲ. ಫಿಲ್ಮ್ ಯುಗದಲ್ಲಿ 50 ಮಿ.ಮೀ. ಮೊದಲ ಮಸೂರವಾಗಿದ್ದುದು ಹೀಗೆ.

ಅಗ್ಗದ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿರುವ ಸಂವೇದಕ ಫಿಲ್ಮಿಗಿಂತ ಚಿಕ್ಕದು. ನಿಕಾನ್‌ನಲ್ಲಿ ಅದು ಸುಮಾರು 23.6 × 15.7 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3 × 14.9 ಮಿ.ಮೀ. ಕರ್ಣಗಳು ಕ್ರಮವಾಗಿ 28 ಮತ್ತು 27 ಮಿ.ಮೀ. ಅಂದರೆ ಇಲ್ಲಿ 'ಸಾಮಾನ್ಯ' ಎನಿಸಿಕೊಳ್ಳಬೇಕಾದುದು ಸುಮಾರು 28ರಿಂದ 35 ಮಿ.ಮೀ. ಮಸೂರ. ಇಲ್ಲಿ 50 ಮಿ.ಮೀ. ಹಾಕಿದರೆ ದೃಷ್ಟಿಕೋನ ಕಿರಿದಾಗುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ ನಿಕಾನ್ ಲೆಕ್ಕದಲ್ಲಿ 75 ಮಿ.ಮೀ., ಕ್ಯಾನನ್ ಲೆಕ್ಕದಲ್ಲಿ 80 ಮಿ.ಮೀ. ಮಸೂರ ಹಾಕಿದಷ್ಟು. ಅದು ವ್ಯಕ್ತಿಚಿತ್ರಕ್ಕೆ ಹೊಂದುವ ಮಸೂರ. ಸಂವೇದಕ ಬದಲಾಯಿತು, ಸಲಹೆ ಮಾತ್ರ ಬದಲಾಗದೆ ಉಳಿಯಿತು.

ತರಗತಿಯ ಕೋಣೆಯಲ್ಲಿ ಒಂದು ಲೆಕ್ಕ

ಮಸೂರದಿಂದ ವಸ್ತು ಸಾಕಷ್ಟು ದೂರವಿದ್ದಾಗ ಪ್ರತಿಬಿಂಬದ ಗಾತ್ರವನ್ನು ಸಂಗಮದೂರದಿಂದ ಭಾಗಿಸಿದರೆ ಬರುವ ಸಂಖ್ಯೆ, ವಸ್ತುವಿನ ಗಾತ್ರವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸಮ. ಸಮರೂಪ ತ್ರಿಭುಜಗಳ ನಿಯಮವಿದು. ಚೌಕಟ್ಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಇದರಿಂದ ಕಂಡುಕೊಳ್ಳಬಹುದು.

ತರಗತಿಯ ಕೋಣೆಯ ಉದ್ದ 6 ಮೀಟರ್ ಎನ್ನಿ. ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಕಾನ್ ಕ್ಯಾಮೆರಾ ಹಿಡಿದರೆ ಎದುರು ಗೋಡೆಯ ಮೇಲೆ 50 ಮಿ.ಮೀ. ಮಸೂರಕ್ಕೆ ಕಾಣುವ ಅಗಲ 2.8 ಮೀಟರ್. 35 ಮಿ.ಮೀ.ಗೆ 4 ಮೀಟರ್. 18 ಮಿ.ಮೀ.ಗೆ 7.9 ಮೀಟರ್. ವಿಜ್ಞಾನ ವಸ್ತುಪ್ರದರ್ಶನದ ದಿನ ಇಡೀ ಕೋಣೆಯನ್ನು, ಮಾದರಿಗಳ ಜೊತೆ ನಿಂತ ಮಕ್ಕಳೆಲ್ಲರನ್ನು ತೋರಿಸಬೇಕಾದಾಗ 50 ಮಿ.ಮೀ. ಕೈಕೊಡುತ್ತದೆ. ಬ್ಲ್ಯಾಕ್‌ಬೋರ್ಡು ಮತ್ತು ಪಕ್ಕದಲ್ಲಿ ನಿಂತ ಶಿಕ್ಷಕರು, ಅಷ್ಟೇ ಸಿಗುವುದು.

ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋಗೋಣ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಅಂಚಿನಲ್ಲಿ ನಿಂತು ಎದುರಂಚನ್ನು ನೋಡಿದರೆ 50 ಮಿ.ಮೀ. ಮಸೂರದಲ್ಲಿ ಸುಮಾರು 18 ಮೀಟರ್ ಅಗಲ ಸಿಗುತ್ತದೆ, ವ್ಯಾಸದ ಅರ್ಧಕ್ಕಿಂತ ಕಡಿಮೆ. ಹಿಂದೆ ಸರಿಯಲು ದಾರಿಯೇ ಇಲ್ಲ, ಬೆನ್ನಿಗೆ ಗೋಡೆಯಿದೆ. 18 ಮಿ.ಮೀ.ಯಲ್ಲಿ ಅದೇ ಜಾಗದಿಂದ ಸುಮಾರು 50 ಮೀಟರ್ ಅಗಲ ಹಿಡಿಯುತ್ತದೆ, ಗ್ಯಾಲರಿಯ ದುಂಡುತನ ಕಣ್ಣಿಗೆ ಬೀಳುತ್ತದೆ. ಮಲಿಕ್-ಎ-ಮೈದಾನ ತೋಪಿನ ಉದ್ದ ಸುಮಾರು 4.45 ಮೀಟರ್. ಅದರ ಪೂರ್ಣ ಪಾರ್ಶ್ವನೋಟಕ್ಕೆ 50 ಮಿ.ಮೀ. ಮಸೂರವಿದ್ದವರು 9.4 ಮೀಟರ್ ದೂರ ನಿಲ್ಲಬೇಕು. 18 ಮಿ.ಮೀ. ಇದ್ದವರಿಗೆ 3.4 ಮೀಟರ್ ಸಾಕು. ಬುರುಜಿನ ಮೇಲೆ ಹೆಜ್ಜೆ ಹಿಂದಿಡುವಾಗ ಈ ಆರು ಮೀಟರ್ ಚಿಕ್ಕ ಮಾತಲ್ಲ.

'ಕಾಲೇ ಜೂಮ್' ಎಂಬ ವಾದ

ಐವತ್ತರ ಪಕ್ಷದವರು ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ: ನಡೆದು ಹಿಂದೆ ಮುಂದೆ ಹೋಗಿ, ನಿಮ್ಮ ಕಾಲೇ ಜೂಮ್. ಈ ವಾದದ ದೋಷ ಗೋಡೆ ಅಡ್ಡ ಬರುವುದಷ್ಟೇ ಅಲ್ಲ, ಇನ್ನೂ ಮೂಲಭೂತವಾದುದು. ನಡೆದಾಗ ಬದಲಾಗುವುದು ಚೌಕಟ್ಟು ಮಾತ್ರವಲ್ಲ, ವಸ್ತುಗಳ ಪರಸ್ಪರ ಗಾತ್ರವೂ ಬದಲಾಗುತ್ತದೆ.

ಗೋಲಗುಮ್ಮಟವನ್ನು ಹೊರಗಿನಿಂದ ನೋಡಿ. ಮೂಲೆಯ ಗೋಪುರಗಳನ್ನು ಬಿಟ್ಟರೆ ಕಟ್ಟಡದ ಒಂದು ಬದಿ ಸುಮಾರು 47.5 ಮೀಟರ್. ಇಷ್ಟು ಅಗಲ ಚೌಕಟ್ಟಿನಲ್ಲಿ ಹಿಡಿಯಲು 18 ಮಿ.ಮೀ. ಮಸೂರಕ್ಕೆ ಸುಮಾರು 36 ಮೀಟರ್ ದೂರ, 35 ಮಿ.ಮೀ.ಗೆ 70 ಮೀಟರ್, 50 ಮಿ.ಮೀ.ಗೆ 100 ಮೀಟರ್ ಬೇಕು. ಮೂರು ಚಿತ್ರಗಳಲ್ಲೂ ಗೋಡೆಯ ಅಗಲ ಒಂದೇ. ಗುಮ್ಮಟ ಮಾತ್ರ ಒಂದೇ ಆಗಿರುವುದಿಲ್ಲ. ಗುಮ್ಮಟದ ಕೇಂದ್ರ ಮುಂಗೋಡೆಯಿಂದ ಸುಮಾರು 24 ಮೀಟರ್ ಹಿಂದಿದೆ. ಹತ್ತಿರ ಹೋದಷ್ಟೂ ಎತ್ತರದ ಮುಂಗೋಡೆ ಅದನ್ನು ಮರೆಮಾಡುತ್ತದೆ. 36 ಮೀಟರಿನಿಂದ ಅದರ ಬಹುಭಾಗ ಗೋಡೆಯ ಹಿಂದೆ ಅಡಗುತ್ತದೆ. 100 ಮೀಟರಿನಿಂದ ಅದು ಮೇಲೆದ್ದು ನಿಲ್ಲುತ್ತದೆ. ಮುಂಭಾಗದ ನಕ್ಕರ್‌ಖಾನೆ, ಅಂದರೆ ಈಗಿನ ವಸ್ತುಸಂಗ್ರಹಾಲಯ, ಅಡ್ಡ ಬಾರದ ದಿಕ್ಕು ಆರಿಸಿಕೊಂಡು ದೂರ ನಿಲ್ಲುವುದೇ ಇಲ್ಲಿ ಸರಿ.

ಇಲ್ಲಿ 50 ಮಿ.ಮೀ. ಗೆದ್ದಂತೆ ಕಾಣುತ್ತದೆ. ಆದರೆ ಗೆದ್ದದ್ದು ಮಸೂರವಲ್ಲ, ನಿಂತ ಜಾಗ. ಎಲ್ಲಿ ನಿಲ್ಲಬೇಕು ಎಂಬುದನ್ನು ವಿಷಯ ನಿರ್ಧರಿಸುತ್ತದೆ. ನಿಂತ ಜಾಗದಿಂದ ಎಷ್ಟು ಹಿಡಿಯಬೇಕು ಎಂಬುದನ್ನು ಸಂಗಮದೂರ ನಿರ್ಧರಿಸುತ್ತದೆ. ಇವು ಎರಡು ಬೇರೆ ಬೇರೆ ಚರಾಂಶಗಳು. ಒಂದೇ ಸಂಗಮದೂರದ ಮಸೂರ ಇವೆರಡನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಜೂಮ್ ಮಸೂರ ಅವನ್ನು ಬಿಡಿಸಿಕೊಡುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಚರಾಂಶವನ್ನು ಸ್ಥಿರವಿಟ್ಟು ಇನ್ನೊಂದನ್ನು ಬದಲಿಸಲು ಕಲಿಸುವ ನಾವು, ಕಲಿಯುವವರ ಕೈಗೆ ಇಂಥ ಸೌಲಭ್ಯವಿರುವ ಸಾಧನವನ್ನು 'ಸೋಮಾರಿಗಳದ್ದು' ಎಂದು ಹಳಿಯುವುದು ವಿಚಿತ್ರ. ಜೂಮ್ ಇದ್ದೂ ಕಾಲು ಬಳಸದವರು ಸೋಮಾರಿಗಳು, ನಿಜ. ಅದು ಮಸೂರದ ತಪ್ಪಲ್ಲ.

ಬೆಳಕಿನ ಲೆಕ್ಕ: ನಿಂತ ಕಲ್ಲು, ನಡೆವ ಜನ

ಎಫ್-ಸಂಖ್ಯೆ ಎಂದರೆ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಸಂವೇದಕದ ಮೇಲೆ ಬೀಳುವ ಬೆಳಕಿನ ತೀವ್ರತೆ ಈ ಸಂಖ್ಯೆಯ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಕಿಟ್ ಮಸೂರದ ಅತಿ ದೊಡ್ಡ ರಂಧ್ರ 18 ಮಿ.ಮೀ.ಯಲ್ಲಿ ಎಫ್/3.5, 55 ಮಿ.ಮೀ.ಯಲ್ಲಿ ಎಫ್/5.6. ಈ ಕೊನೆಯದಕ್ಕೆ ಹೋಲಿಸಿದರೆ ಎಫ್/1.8 ಮಸೂರ 9.7 ಪಟ್ಟು ಬೆಳಕು ಕೊಡುತ್ತದೆ. ಒಂದರಲ್ಲಿ ಸೆಕೆಂಡಿನ 60ನೇ ಒಂದು ಭಾಗ ಸಾಕಾದಲ್ಲಿ ಇನ್ನೊಂದಕ್ಕೆ ಸುಮಾರು 6ನೇ ಒಂದು ಭಾಗ ಬೇಕು.

ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜಗಳ ಮೆರವಣಿಗೆ ಸಂಜೆಗತ್ತಲಲ್ಲಿ ಸಾಗುತ್ತಿದೆ ಎನ್ನಿ. ಧ್ವಜ ಹೊತ್ತವರು ನಡೆಯುತ್ತಿರುತ್ತಾರೆ. ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಅವರ ಮುಖ ಕಲಸಿಹೋಗುತ್ತದೆ. ಇಲ್ಲಿ ಕಿಟ್ ಮಸೂರ ಸೋಲುತ್ತದೆ. ಶಾಲೆಯ ಸಭಾಂಗಣದ ನೃತ್ಯ, ಒಳಾಂಗಣ ಆಟಗಳು, ಎಲ್ಲ ಕಡೆಯೂ ಇದೇ ಮಾತು. 50 ಮಿ.ಮೀ.ಯ ಪರ ಹೇಳಬಹುದಾದ ಅತಿ ಬಲವಾದ ಅಂಶವಿದು.

ಆದರೆ ಕತ್ತಲೆ ಎಂದರೆ ದೊಡ್ಡ ರಂಧ್ರವೇ ಬೇಕು ಎಂಬ ತೀರ್ಮಾನ ಆತುರದ್ದು. 2007ರಿಂದೀಚೆಗೆ ಕ್ಯಾನನ್‌ನ ಐಎಸ್ ಮತ್ತು ನಿಕಾನ್‌ನ ವಿಆರ್ ಗುರುತಿನ 18-55 ಮಸೂರಗಳಲ್ಲಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಿದೆ. ಒಳಗಿನ ಒಂದು ಮಸೂರಗುಂಪು ನಡುಕಕ್ಕೆ ಪ್ರತಿಯಾಗಿ ಅತ್ತಿತ್ತ ಸರಿಯುತ್ತದೆ. ಮೂರು ಸ್ಟಾಪ್‌ಗಳ ನೆರವು ಎಂದರೆ ಎಂಟು ಪಟ್ಟು ಹೆಚ್ಚು ಕಾಲ ಕೈಯಲ್ಲೇ ಹಿಡಿಯಬಹುದು. ರೂಢಿಯ ನಿಯಮದಂತೆ ಚಿಕ್ಕ ಸಂವೇದಕದ ಮೇಲೆ 18 ಮಿ.ಮೀ.ಯನ್ನು ಸೆಕೆಂಡಿನ 27ನೇ ಒಂದು ಭಾಗ, 50 ಮಿ.ಮೀ.ಯನ್ನು 75ನೇ ಒಂದು ಭಾಗ ನಡುಗದೆ ಹಿಡಿಯಬಹುದು. ಮೊದಲನೆಯದನ್ನು ಎಂಟರಿಂದ ಗುಣಿಸಿದರೆ ಸುಮಾರು 0.3 ಸೆಕೆಂಡ್. ಎಫ್-ಸಂಖ್ಯೆಗಳ ವರ್ಗವನ್ನೂ ಸೇರಿಸಿ ಲೆಕ್ಕ ಹಾಕಿದರೆ, 18 ಮಿ.ಮೀ.ಗೆ ಇಟ್ಟ ಕಿಟ್ ಮಸೂರ ಸ್ಥಿರೀಕರಣವಿಲ್ಲದ 50 ಮಿ.ಮೀ.ಗಿಂತ ಸುಮಾರು 6 ಪಟ್ಟು ಬೆಳಕು ಕೂಡಿಸುತ್ತದೆ!

ಗೋಲಗುಮ್ಮಟದ ಒಳಗಿನ ಕಮಾನುಗಳು, ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರಗಳು ಅಲುಗುವುದಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುವುದರಿಂದ ಕೈಯಲ್ಲಿ ಹಿಡಿದು ತೆಗೆಯುವವರೇ ಹೆಚ್ಚು. ಅಲ್ಲಿ ಗೆಲ್ಲುವುದು 'ಆಟಿಕೆ' ಎನಿಸಿಕೊಂಡ ಮಸೂರ. ಕಲ್ಲಿಗೆ ಸ್ಥಿರೀಕರಣ, ಜನಕ್ಕೆ ದೊಡ್ಡ ರಂಧ್ರ: ಇಷ್ಟು ನೆನಪಿಟ್ಟರೆ ಸಾಕು.

ದೊಡ್ಡ ರಂಧ್ರಕ್ಕೆ ಇನ್ನೊಂದು ಬೆಲೆಯೂ ಇದೆ. ಎಫ್/1.8ರಲ್ಲಿ 2 ಮೀಟರ್ ದೂರದ ವಸ್ತುವಿಗೆ ಸ್ಫುಟವಾಗಿ ಕಾಣುವ ಆಳ ಸುಮಾರು 12 ಸೆಂ.ಮೀ. ಮಾತ್ರ. 5 ಮೀಟರಿನಲ್ಲಿ ಅದು ಸುಮಾರು 70 ಸೆಂ.ಮೀ. ಎರಡು ಸಾಲಿನ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನವರು ಮಸುಕಾದರೆ ಆಶ್ಚರ್ಯಪಡಬೇಡಿ, ರಂಧ್ರವನ್ನು ಕಿರಿದುಗೊಳಿಸಿ.

ಆಕಾಶದಲ್ಲಿ ಮತ್ತು ದ್ರಾಕ್ಷಿ ತೋಟದಲ್ಲಿ

ವಿಜ್ಞಾನ ಸಂಘದವರಿಗೆ ನಕ್ಷತ್ರ ವೀಕ್ಷಣೆ ಮುಖ್ಯ. ನಗರದ ದೀಪಗಳಿಂದ ದೂರ ಬಬಲೇಶ್ವರ, ತಿಕೋಟಾ ಕಡೆಯ ಹೊಲಗಳಿಗೆ ಹೋದರೆ ಆಕಾಶ ಇನ್ನೂ ಚೆನ್ನಾಗಿದೆ. ನಕ್ಷತ್ರ ಒಂದು ಬಿಂದು. ಬಿಂದುವಿನ ಬೆಳಕನ್ನು ಕೂಡಿಸುವಲ್ಲಿ ಲೆಕ್ಕಕ್ಕೆ ಬರುವುದು ರಂಧ್ರದ ವಿಸ್ತೀರ್ಣ. 50 ಮಿ.ಮೀ. ಎಫ್/1.8ರ ರಂಧ್ರ 28 ಮಿ.ಮೀ. ವ್ಯಾಸದ್ದು. 18 ಮಿ.ಮೀ. ಎಫ್/3.5ರದು ಕೇವಲ 5 ಮಿ.ಮೀ. ವಿಸ್ತೀರ್ಣದಲ್ಲಿ 29 ಪಟ್ಟು ವ್ಯತ್ಯಾಸ. ಭೂಮಿಯ ಆವರ್ತನೆಯಿಂದ ನಕ್ಷತ್ರದ ಬಿಂಬ 50 ಮಿ.ಮೀ.ಯಲ್ಲಿ ಹೆಚ್ಚು ಬೇಗ ಸರಿಯುವುದರಿಂದ ಶಟರ್ ತೆರೆದಿಡುವ ಕಾಲವನ್ನು 15 ಸೆಕೆಂಡಿನಿಂದ 5 ಸೆಕೆಂಡಿನ ಆಸುಪಾಸಿಗೆ ಇಳಿಸಬೇಕು. ಆದರೂ ಸುಮಾರು 10 ಪಟ್ಟು ಲಾಭ ಉಳಿಯುತ್ತದೆ. ಅದರ ದೃಷ್ಟಿಕ್ಷೇತ್ರದ ಉದ್ದ ನಿಕಾನ್‌ನಲ್ಲಿ ಸುಮಾರು 27 ಡಿಗ್ರಿ; ಮಹಾವ್ಯಾಧದ ಮುಖ್ಯ ನಕ್ಷತ್ರಗಳೆಲ್ಲ ಅದರಲ್ಲಿ ಹಿಡಿಯುತ್ತವೆ. ನಕ್ಷತ್ರಪುಂಜಗಳಿಗೆ 50 ಮಿ.ಮೀ. ನಿಜಕ್ಕೂ ಒಳ್ಳೆಯದು.

ನೆಲಕ್ಕಿಳಿದರೆ ಫಲಿತಾಂಶ ತಿರುಗುಮುರುಗು. ತಿಕೋಟಾ ಭಾಗ ದ್ರಾಕ್ಷಿಗೆ, ಒಣದ್ರಾಕ್ಷಿಗೆ ಹೆಸರಾದುದು. ಬೂದಿ ರೋಗ ತಗುಲಿದ ಎಲೆಯ, ಕಾಯಿಯ ಹತ್ತಿರದ ಚಿತ್ರ ತೆಗೆಯುವುದು ಜೀವವಿಜ್ಞಾನದ ಶಿಕ್ಷಕರಿಗೂ ರೈತರ ಮಕ್ಕಳಿಗೂ ಉಪಯುಕ್ತ ಯೋಜನೆ. ಕ್ಯಾನನ್‌ನ 18-55 ಐಎಸ್ ಮಸೂರ 25 ಸೆಂ.ಮೀ.ವರೆಗೆ ಹತ್ತಿರ ಹೋಗಬಲ್ಲದು. ಅದರ ಗರಿಷ್ಠ ವರ್ಧನೆ 0.34, ಅಂದರೆ ಸುಮಾರು 66 ಮಿ.ಮೀ. ಅಗಲದ ವಸ್ತು ಚೌಕಟ್ಟು ತುಂಬುತ್ತದೆ. 1990ರ 50 ಮಿ.ಮೀ. ಎಫ್/1.8 ಎರಡನೆಯ ಆವೃತ್ತಿ 45 ಸೆಂ.ಮೀ.ಗಿಂತ ಹತ್ತಿರ ಬರಲಾರದು, ವರ್ಧನೆ 0.15. 2015ರ ಎಸ್‌ಟಿಎಂ ಆವೃತ್ತಿಯಲ್ಲಿ 35 ಸೆಂ.ಮೀ., 0.21. ಒಂದು ದ್ರಾಕ್ಷಿ ಕಾಯಿಯನ್ನು ದೊಡ್ಡದಾಗಿ ತೋರಿಸುವುದರಲ್ಲಿ ಕಿಟ್ ಮಸೂರವೇ ಮುಂದು. ಐವತ್ತರ ಗುಣಗಾನದಲ್ಲಿ ಈ ಮಾತು ಕೇಳಿಬರುವುದು ಅಪರೂಪ.

ಅಗ್ಗವೇಕೆ?

ಎರಡೂ ಅಗ್ಗ, ಕಾರಣ ಮಾತ್ರ ಬೇರೆ. 50 ಮಿ.ಮೀ. ಮಸೂರದ ರಚನೆ ದ್ವಿ-ಗೌಸ್ ಮಾದರಿಯದು. ಗಣಿತಜ್ಞ ಗೌಸ್ 1817ರಲ್ಲಿ ದೂರದರ್ಶಕಕ್ಕೆಂದು ಸೂಚಿಸಿದ ಜೋಡಿಯನ್ನು ಎದುರುಬದುರಾಗಿ ಇಟ್ಟು ಬೆಳೆದ ಈ ಮಾದರಿ, 1896ರಲ್ಲಿ ಜೈಸ್ ಸಂಸ್ಥೆಯ ಪಾಲ್ ರುಡಾಲ್ಫ್ ಅವರ ಪ್ಲಾನಾರ್ ಮಸೂರದಲ್ಲಿ ಪಕ್ವವಾಯಿತು. ರಂಧ್ರದ ಎರಡೂ ಕಡೆ ರಚನೆ ಬಹುಮಟ್ಟಿಗೆ ಸಮಮಿತಿಯಲ್ಲಿರುವುದರಿಂದ ಕೆಲವು ದೋಷಗಳು ತಾವೇ ರದ್ದಾಗುತ್ತವೆ. ಆರು ಗಾಜುಗಳು ಸಾಕು.

18 ಮಿ.ಮೀ.ಗೆ ಈ ಸುಲಭದ ದಾರಿ ಇಲ್ಲ. ಎಸ್‌ಎಲ್‌ಆರ್‌ನಲ್ಲಿ ಮಸೂರಕ್ಕೂ ಸಂವೇದಕಕ್ಕೂ ನಡುವೆ ಕನ್ನಡಿ ಏಳಲು ಜಾಗ ಬೇಕು. ಮಸೂರ ಕೂರುವ ಬಳೆಯಿಂದ ಸಂವೇದಕದವರೆಗೆ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರವಿದೆ. ಸಂಗಮದೂರವೇ 18 ಮಿ.ಮೀ. ಇರುವಾಗ ಬಿಂಬವನ್ನು ಅಷ್ಟು ಹಿಂದಕ್ಕೆ ತಳ್ಳಲು ಮುಂದೆ ನಿಮ್ನ ಗುಂಪು, ಹಿಂದೆ ಪೀನ ಗುಂಪು ಇಡಬೇಕಾಗುತ್ತದೆ. 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ಸಂಸ್ಥೆ ಸ್ಥಿರಚಿತ್ರದ ಕ್ಯಾಮೆರಾಗಳಿಗೆ ತಂದ ಉಪಾಯವಿದು. ಇದಕ್ಕೆ ಸಮಮಿತಿ ಇಲ್ಲ, ಜೂಮ್‌ನ ಹೊರೆಯೂ ಸೇರುತ್ತದೆ. ಹಾಗಾಗಿ 18-55ರಲ್ಲಿ 11 ಗಾಜುಗಳು. ಭಾರಿ ಪ್ರಮಾಣದ ಉತ್ಪಾದನೆ, ಪ್ಲಾಸ್ಟಿಕ್ ಕವಚ, ಕಿರಿದಾದ ರಂಧ್ರ, ಈ ಮೂರರಿಂದ ಅದನ್ನು ಅಗ್ಗವಾಗಿಸಿದ್ದಾರೆ.

ಆದುದರಿಂದ ಕಿಟ್ ಮಸೂರದ ದೋಷಗಳನ್ನೂ ಹೇಳಲೇಬೇಕು. 18 ಮಿ.ಮೀ.ಯಲ್ಲಿ ಚೌಕಟ್ಟಿನ ಅಂಚಿನ ಸರಳ ರೇಖೆಗಳು ಹೊರಕ್ಕೆ ಉಬ್ಬುತ್ತವೆ. ಚಿತ್ರದಿಂದ ಕಟ್ಟಡದ ಅಳತೆ ತೆಗೆಯುವ ಯೋಜನೆ ಮಾಡುವವರು ಮೊದಲು ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಸರಿಪಡಿಸಿಕೊಳ್ಳಬೇಕು. ಹಳೆಯ ಆವೃತ್ತಿಗಳಲ್ಲಿ ನಾಭೀಕರಿಸುವಾಗ ಮುಂದಿನ ಗಾಜು ತಿರುಗುತ್ತದೆ. ಧ್ರುವೀಕರಣದ ಫಿಲ್ಟರ್ ಹಾಕಿ ಪ್ರಯೋಗ ಮಾಡುವವರಿಗೆ ಕಿರಿಕಿರಿ. ಹಕ್ಕಿಗಳಿಗಂತೂ ಇದು ಸಾಲದು. ಆಲಮಟ್ಟಿ ಹಿನ್ನೀರಿಗೆ ಬರುವ 1.3 ಮೀಟರ್ ಎತ್ತರದ ರಾಜಹಂಸ 100 ಮೀಟರ್ ದೂರದಲ್ಲಿದ್ದರೆ 55 ಮಿ.ಮೀ.ಯಲ್ಲಿ ಅದರ ಬಿಂಬ 0.7 ಮಿ.ಮೀ., ಚೌಕಟ್ಟಿನ ಎತ್ತರದ ಇಪ್ಪತ್ತರಲ್ಲೊಂದು ಪಾಲೂ ಅಲ್ಲ. 50 ಮಿ.ಮೀ.ಯ ಗತಿಯೂ ಅದೇ. ಹಕ್ಕಿಗೆ 250 ಮಿ.ಮೀ. ಮತ್ತು ಅದಕ್ಕೂ ಮೇಲಿನ ಮಸೂರ ಬೇಕು, ಅದು ಎರಡನೆಯ ಖರೀದಿಯ ಮಾತು.

ಎಲ್ಲಕ್ಕೂ ಒಂದೇ ಎಂದು ಮಾರುವ 18-200 ಮಿ.ಮೀ. ಮಸೂರಗಳ ಪರವಾಗಿ ನಮ್ಮ ಬಯಲುಸೀಮೆಯಲ್ಲಿ ಒಂದು ಮಾತಿದೆ: ಧೂಳು. ಬೇಸಗೆಯ ಗಾಳಿಯಲ್ಲಿ ಮಸೂರ ಬಿಚ್ಚಿ ಹಾಕುವುದು ಸಂವೇದಕಕ್ಕೆ ಒಳ್ಳೆಯದಲ್ಲ. ಆದರೆ ಅವು ತೂಕದವು, ಬೆಲೆ ಹೆಚ್ಚು, ರಂಧ್ರ ಅಷ್ಟೇ ಕಿರಿದು. ಧೂಳಿಗೆ ಔಷಧ ಅಷ್ಟು ದುಬಾರಿಯಾಗಬೇಕಿಲ್ಲ. ಕ್ಯಾಮೆರಾ ಆರಿಸಿ, ಬಾಯಿ ಕೆಳಮುಖವಾಗಿಟ್ಟು, ಗಾಳಿಗೆ ಬೆನ್ನು ಮಾಡಿ ಮಸೂರ ಬದಲಿಸಿದರೆ ಸಾಕು.

ಕೊಳ್ಳುವ ಮುನ್ನ

ಹಳೆಯ ಮಸೂರ ಕೊಳ್ಳುವವರಿಗೆ ಹೊಂದಾಣಿಕೆಯ ವಿಷಯ ಗುಣಮಟ್ಟದಷ್ಟೇ ಮುಖ್ಯ. ಕ್ಯಾನನ್‌ನಲ್ಲಿ ತೊಡಕು ಕಡಿಮೆ: ಚಿಕ್ಕ ಸಂವೇದಕದ ಎಸ್‌ಎಲ್‌ಆರ್‌ಗಳಿಗೆ ಇಎಫ್, ಇಎಫ್-ಎಸ್ ಎರಡೂ ಹೊಂದುತ್ತವೆ. ನಿಕಾನ್‌ನಲ್ಲಿ ಎಚ್ಚರ ಬೇಕು. ಅಗ್ಗವೆಂದು ಹೆಸರಾದ 50 ಮಿ.ಮೀ. ಎಫ್/1.8ಡಿ ಮಸೂರದಲ್ಲಿ ಮೋಟಾರು ಇಲ್ಲ. ಡಿ40, ಡಿ3100, ಡಿ5100ರಂಥ ಒಡಲುಗಳಲ್ಲೂ ಇಲ್ಲ. ಇವೆರಡನ್ನು ಸೇರಿಸಿದರೆ ಸ್ವಯಂ ನಾಭೀಕರಣ ಆಗುವುದೇ ಇಲ್ಲ. ಹೆಸರಿನಲ್ಲಿ ಎಎಫ್-ಎಸ್ ಇರುವ 2011ರ 1.8ಜಿ ಆವೃತ್ತಿ ನೋಡಿ. ಇನ್ನು 2016ರ ನಂತರದ ಎಎಫ್-ಪಿ ಗುರುತಿನ 18-55 ಮಸೂರಗಳು ಡಿ90, ಡಿ3100ರಂಥ ಹಳೆಯ ಒಡಲುಗಳಲ್ಲಿ ನಾಭೀಕರಿಸುವುದಿಲ್ಲ. ಮಾರುವವರ ಮಾತು ನಂಬುವ ಬದಲು ನಿಮ್ಮ ಕ್ಯಾಮೆರಾ ಒಯ್ದು ಹಾಕಿ ನೋಡುವುದೇ ಲೇಸು.

ಮಸೂರದ ಒಂದು ಕಡೆಯಿಂದ ಟಾರ್ಚ್ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ನಾಲ್ಕಾರು ಧೂಳಿನ ಕಣಗಳಿದ್ದರೆ ಚಿತ್ರಕ್ಕೆ ಬಾಧಕವಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಕೊಳ್ಳಬೇಡಿ. ಜೂಮ್ ಬಳೆ ತಿರುಗಿಸಿ ಬಿಗಿತ ನೋಡಿ. ಸ್ಥಿರೀಕರಣದ ಗುಂಡಿಯನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ, ಸೆಕೆಂಡಿನ 10ನೇ ಒಂದು ಭಾಗದಲ್ಲಿ ಒಂದೊಂದು ಚಿತ್ರ ತೆಗೆದು ಹೋಲಿಸಿ. ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಪುಟವನ್ನು ನೇರ ಎದುರಿನಿಂದ ತೆಗೆದು ನಾಲ್ಕೂ ಮೂಲೆಗಳ ಅಕ್ಷರ ಓದಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿರುವ ಸಂಭವವಿದೆ.

ತೀರ್ಮಾನ

ಮೊದಲ ಮಸೂರಕ್ಕೆ ನಾವು ಕೇಳಬೇಕಾದ ಪ್ರಶ್ನೆ 'ಯಾವುದು ಅತ್ಯುತ್ತಮ ಚಿತ್ರ ಕೊಡುತ್ತದೆ?' ಎಂದಲ್ಲ, 'ಯಾವುದರಿಂದ ಅತಿ ಕಡಿಮೆ ಕೆಲಸಗಳು ತಪ್ಪಿಹೋಗುತ್ತವೆ?' ಎಂದು. ಆ ದೃಷ್ಟಿಯಿಂದ ಸ್ಥಿರೀಕರಣವಿರುವ 18-55 ಮಿ.ಮೀ. ಮಸೂರವೇ ಶಾಲೆಗೂ ವಿದ್ಯಾರ್ಥಿಗೂ ಮೊದಲ ಆಯ್ಕೆ. ತರಗತಿ, ಸ್ಮಾರಕ, ಎಲೆ, ಹೂವು, ಪ್ರಯೋಗದ ಸಲಕರಣೆ, ಹಗಲಿನ ಗುಂಪುಚಿತ್ರ, ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಬಹಳಷ್ಟು ಕ್ಯಾಮೆರಾಗಳ ಜೊತೆಗೆ ಅದು ಬಂದೇ ಇರುತ್ತದೆ. ಅದನ್ನು ಮಾರಿ 50 ಮಿ.ಮೀ. ಕೊಳ್ಳುವುದು ಬೇಡ.

ಎರಡನೆಯ ಮಸೂರಕ್ಕೆ ಹಣ ಕೂಡಿದಾಗ ದೊಡ್ಡ ರಂಧ್ರದ್ದನ್ನು ತನ್ನಿ. ನಿಕಾನ್ ಬಳಸುವವರಿಗೆ 2009ರಲ್ಲಿ ಬಂದ 35 ಮಿ.ಮೀ. ಎಫ್/1.8 ಡಿಎಕ್ಸ್ ಹೆಚ್ಚು ಹೊಂದುತ್ತದೆ. ಫಿಲ್ಮ್ ಯುಗದ 50 ಮಿ.ಮೀ. ಮಾಡುತ್ತಿದ್ದ ಕೆಲಸವನ್ನು ಈ ಚಿಕ್ಕ ಸಂವೇದಕದ ಮೇಲೆ ನಿಜವಾಗಿ ಮಾಡುವುದು ಇದೇ. ಕ್ಯಾನನ್‌ನವರಿಗೆ 50 ಮಿ.ಮೀ. ಎಸ್‌ಟಿಎಂ ಇದೆ, ಅದು ವ್ಯಕ್ತಿಚಿತ್ರದ, ಜಾತ್ರೆಯ, ನಕ್ಷತ್ರಪುಂಜದ ಮಸೂರ ಎಂಬ ಅರಿವಿನೊಂದಿಗೆ ಕೊಳ್ಳಲಿ.

ಈ ತೀರ್ಪನ್ನೂ ನೀವು ಸುಮ್ಮನೆ ಒಪ್ಪಬೇಕಿಲ್ಲ. ಡಿಜಿಟಲ್ ಚಿತ್ರದ ಕಡತದಲ್ಲಿ ಸಂಗಮದೂರ, ಎಫ್-ಸಂಖ್ಯೆ, ಶಟರ್ ಕಾಲ ಎಲ್ಲವೂ ದಾಖಲಾಗಿರುತ್ತವೆ. ಕಿಟ್ ಮಸೂರದಿಂದ ತೆಗೆದ ನಿಮ್ಮ ಕೊನೆಯ ನೂರು ಚಿತ್ರಗಳ ಸಂಗಮದೂರವನ್ನು ಪಟ್ಟಿ ಮಾಡಿ, ಸ್ತಂಭಾಲೇಖ ಬರೆಯಿರಿ. ಹೆಚ್ಚಿನವು 18ರ ಬಳಿ ಗುಂಪುಗೂಡಿದರೆ ನಿಮಗೆ ಬೇಕಾದುದು ಇನ್ನೂ ವಿಶಾಲವಾದ ಮಸೂರ. 55ರ ಬಳಿ ಗುಂಪುಗೂಡಿದರೆ ದೂರದ ಮಸೂರ. 35ರ ಸುತ್ತ ಇದ್ದು, ಕತ್ತಲಲ್ಲಿ ಕಲಸಿಹೋದ ಚಿತ್ರಗಳು ಬಹಳವಿದ್ದರೆ ದೊಡ್ಡ ರಂಧ್ರದ ಮಸೂರ. ತರಗತಿಯಲ್ಲಿ ಒಂದು ಅವಧಿಯಲ್ಲಿ ಮುಗಿಯುವ ಕೆಲಸವಿದು. ಎರಡನೆಯ ಮಸೂರವನ್ನು ಈ ಆಲೇಖ ನೋಡಿ ಆರಿಸಿರಿ.